ಟೊಂಕದಾಗಿನ ಓಣಿ

ಯಾವಾಗ ಸುರು ಆಯ್ತು ಅಂತ ಕೇಳ್ತಾಳ ಡಾಕ್ಟರ್ ಬಾಯಿ,
ಚೀಟಿ ಮ್ಯಾಲ ಪೆನ್ನು ಊರಿ.
ಬ್ಯಾನಿಗೇನು ತಾರೀಖು ಇರ್ತದೇನವ್ವಾ,
ಬಾಕಿ ವಸೂಲಿಗೆ ಬಂದವರಂಗ
ಬಾಗಿಲಾಗ ನಿಂತು ಹೆಸರು ಕೂಗಲಿಲ್ಲ ಅದು.

ಎಡಗಡಿ ಟೊಂಕದಿಂದ ಇಳೀತದ,
ತೊಡಿ ಹಿಂದ, ಮೀನಖಂಡ, ಹೆಬ್ಬಟ್ಟಿನ ತನಕ,
ಕಾದ ತಂತಿ ಎಳದಂಗ.
ನೂರು ಹೆಜ್ಜಿ ಹಾಕೂದ್ರಾಗ ಕಾಲು ನನ್ನವಲ್ಲ,
ಯಾರವೋ ಕಡ ತಂದಂಗ.

'ನಡದು ನಡದು ಸುಮ್ಮ ನಿಂತ್ರ ಕಮ್ಮಿ ಆಗ್ತದೇನು?'
ಇಲ್ಲ. ಕುಂದ್ರಬೇಕು, ಇಲ್ಲಾ ಬಗ್ಗಬೇಕು.
ಇಷ್ಟಕ್ಕ ಆಕಿ ಮಾರಿ ಮ್ಯಾಲ
ಕಳದ ಕೀಲಿ ಸಿಕ್ಕಂಗಾಯ್ತು.
ನನ್ನ ಪಾದದ ಮ್ಯಾಲ ಎರಡು ಬೆರಳಿಟ್ಟು
ಕಣ್ಣು ಮುಚ್ಚಿ ಎಣಿಸಿದಳು.
ಅಲ್ಲೀನೂ ಎದಿ ಬಡೀತದಂತ!
ಅರವತ್ತೇಳು ವರ್ಷ ಅದ್ರ ಮ್ಯಾಲ ನಿಂತೀನಿ,
ನನಗ ಗೊತ್ತಿದ್ದಿಲ್ಲ.
'ರಕ್ತ ಚಲೋ ಹರೀಲಾಕತ್ತದ, ಸುಗಲಾಬಾಯಿ.
ಫಜೀತಿ ಎಲ್ಲಾ ಮ್ಯಾಲ ಅದ.'

ಮ್ಯಾಲ ಅಂದ್ರ ದೇವರಲ್ಲ, ಟೊಂಕ.

ಚೀಟಿ ಹಿಂದ ಚಿತ್ರ ಬರದಳು:
ಎಲುಬಿನ ಮ್ಯಾಲ ಎಲುಬು,
ನಡುವ ಒಂದು ಓಣಿ, ಓಣಿಯೊಳಗ ನರ.
'ವಯಸ್ಸಾದಂಗ ಗಾದಿ ಸವೀತದ, ನಾರು ದಪ್ಪಾಗ್ತದ,
ಎಲುಬಿಗೂ ಮೂಲಿ ಮೂಲಿ ಬೆಳೀತಾವ.
ಓಣಿ ಇಕ್ಕಟ್ಟಾಗ್ಯಾದ.'

ಅಷ್ಟಂದದ್ದೇ ತಡ, ಗಾಜಿಪುರದ ನಮ್ಮ ಓಣಿ ಕಣ್ಣಿಗಿ ಬಂತು.
ಲಗ್ನ ಆಗಿ ಬಂದಾಗ ಎತ್ತಿನ ಗಾಡಿ ತಿರುಗ್ತಿತ್ತು ಅದ್ರಾಗ.
ಮಾಣಿಕಪ್ಪ ಬಾಗಿಲಿಗಿ ಮೆಟ್ಟಲು ಹಾಕಿಸ್ದ, ಶಹಾಬಾದ ಫರಸಿ,
ಒಂದೇ ಗೇಣು.
ಜುಲೇಖಾಬಿ ನೀರಿನ ಡ್ರಮ್ಮಿಟ್ಟಳು.
ನಾನೇನು ಕಮ್ಮಿ? ಕಟ್ಟಿ ಕಟ್ಟಿಸ್ದೆ,
ಕುಂತು ಹುಣಸಿಬೀಜ ಬಿಡಿಸ್ಲಾಕ.
ಆಮ್ಯಾಲ ಕೂಲರಿನ ಸ್ಟ್ಯಾಂಡು, ಆಮ್ಯಾಲ ಯಾರದೋ ಸ್ಕೂಟರು.
ಜಗಳಿಲ್ಲ, ತಂಟಿಲ್ಲ, ಯಾರದೂ ತಪ್ಪಿಲ್ಲ.
ಒಂದಿನ ಗ್ಯಾಸಿನ ಗಾಡಿ ಓಣಿ ಬಾಯಾಗ ನಿಂತು
ಹಾರನ್ ಹೊಡದೇ ಹೊಡೀತು.

ಹಂಗಾದ್ರ ನನ್ನ ಕಾಲಾಗ ಒದರೂದು ಅದೇ ಗಾಡಿ.

ನಮ್ಮಕ್ಕ ಅಂತಾಳ, ಮೂರನೇ ಬಾಣಂತನದಾಗ
ಬೆಂಕಿ ಕಾಸಿಕೊಳ್ಳಲಿಲ್ಲ ನೀ, ಅದಕ್ಕ.
ಡಾಕ್ಟರ್ ಬಾಯಿ ನಕ್ಕಳು,
ಹೌದು ಅನ್ನಲಿಲ್ಲ, ಅಕ್ಕನ್ನ ಬೈಲೂ ಇಲ್ಲ.

ಆಮ್ಯಾಲ ನಾನೇ ಬಾಯಿ ಬಿಟ್ಟೆ: ಬಂಡಿ ದೂಡೂವಾಗ ಬ್ಯಾನಿ ಇಲ್ರಿ.
ಬಾಳಿಹಣ್ಣಿನ ಬಂಡಿ, ಮುಂಗೈ ಊರಿ, ಮುಂದಕ ಬಾಗಿ,
ಸೂಪರ್ ಮಾರ್ಕೆಟ್ಟು, ಜಗತ್ ಸರ್ಕಲ್ಲು, ಮತ್ತ ವಾಪಸ್,
ಇಪ್ಪತ್ತೆಂಟು ಬ್ಯಾಸಗಿ.
'ಬಾಗಿದಾಗ ಓಣಿ ಚೂರು ಅಗಲಾಗ್ತದ' ಅಂದಳು.

ಹೋದ ದೀಪಾವಳಿಗಿ ಸೊಸಿ, ಸಾಕು ಅತ್ತಿ, ಆರಾಮ ಇರ್ರಿ, ಅಂದ್ಲು.
ಬಂಡಿ ಬಿಟ್ಟೆ. ನೆಟ್ಟಗ ನಿಂತೆ.
ನಿಂತ ಮ್ಯಾಲ ತಿಳೀತು,
ಬ್ಯಾನಿ ಯಾವಾಗೋ ಬಂದು ಕುಂತಿತ್ತು,
ಬಂಡಿ ಅದ್ರ ಮ್ಯಾಲ ತಾಡಪತ್ರಿ ಹೊದಿಸಿತ್ತು.

'ಸದ್ಯ ಗುಳಿಗಿ, ವ್ಯಾಯಾಮ. ಆಪರೇಷನ್ ಆಮ್ಯಾಲ ನೋಡೂಣು.
ಉಚ್ಚಿ ಹಿಡತ ತಪ್ಪಿದ್ರ ಮಾತ್ರ ಅದೇ ದಿನ ಓಡಿ ಬಾ.'
ಓಡಿ ಬಾ ಅಂತಾಳ ನೋಡ್ರಿ!
ಇಬ್ಬರೂ ನಕ್ಕೆವು.

ಹೊರಗ ವಾಚಮನ್ ಬೈಲಾಕತ್ತಿದ್ದ,
ಸ್ಕೂಟರ್ ನಡುವ ಯಾರದಿದು ಖಾಲಿ ಬಂಡಿ?
ನಂದಪ್ಪಾ.
ಜಗತ್‌ನಾಗ ಒಬ್ಬಾಕಿ ಕೇಳಿದಳು, ಡಜನ್ ಹ್ಯಾಂಗ?
ಹಣ್ಣಿಲ್ಲವ್ವಾ, ನಡೀಲಾಕ ತಂದೀನಿ.

ನಮ್ಮ ಓಣಿಯೊಳಗ ಬಂಡಿ ಹಿಡಿಯಂಗಿಲ್ಲ ಈಗ.
ಬಾಯಾಗ ನಿಲ್ಲಿಸಿ, ಚಕ್ರಕ್ಕ ಕಲ್ಲು ಕೊಟ್ಟು,
ಉಳದ ಎಂಬತ್ತು ಹೆಜ್ಜಿ ಬರಿಗೈಲೆ.
ಜುಲೇಖಾಬಿ ಡ್ರಮ್ಮಿನ ಮ್ಯಾಲ ಬೋರಲ ಬಾಗಿ ಉಸರು ಬಿಡ್ತೀನಿ,
ಮಾಣಿಕಪ್ಪನ ಮೆಟ್ಟಲ ಮ್ಯಾಲ ಒಮ್ಮಿ ಕುಂದ್ರತೀನಿ.
ಒಂದೇ ಗೇಣು. ಚಲೋ ತಂಪದ ಫರಸಿ.